ಮೈಕಿನೊಳಗಿನ ಗುಂಯ್

ಕಾರ್ತಿಕ ಶುದ್ಧ ಷಷ್ಠಿಯ ಬೆಳಿಗ್ಗೆ, ಉಪ್ಪಿಟ್ಟಿನ ಮೂರನೆಯ ತುತ್ತಿಗೂ ನಾಲ್ಕನೆಯ ತುತ್ತಿಗೂ ನಡುವೆ, ನಾನೊಂದು ಪ್ರತಿಜ್ಞೆ ಮಾಡಿದೆ. ನಮ್ಮ ಮನೆಯ ಮೈಕಿನೊಳಗೆ ಮೂರು ತಿಂಗಳಿಂದ ಬಿಡಾರ ಹೂಡಿದ್ದ ‘ಗುಂಯ್’ ಎಂಬ ಸದ್ದನ್ನು ಏಕಾದಶಿಯೊಳಗೆ ಸಿಂದಗಿ ತಾಲೂಕಿನಿಂದಲೇ ಗಡೀಪಾರು ಮಾಡುತ್ತೇನೆ! ಮಾಡದಿದ್ದರೆ ನನ್ನ ಹೆಸರು ಶ್ರೀವಲ್ಲಭ ಅಲ್ಲ. ಹತ್ತೊಂಬತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಮಾಸ್ತರನಾಗಿ ವಿದ್ಯುಚ್ಛಕ್ತಿಯ ಪಾಠ ಮಾಡಿದ್ದೂ ದಂಡ!

“ಮೊದಲ ಉಪ್ಪಿಟ್ಟು ತಿನ್ರಿ, ಆರ್ತದ,” ಎಂದಳು ನನ್ನ ಹೆಂಡತಿ ವಸುಧಾ.

ಮೈಕು ಅವಳ ಭಜನಾ ಮಂಡಳಿಯದು. ಓಣಿಯ ಏಳು ಮಂದಿ ಹೆಂಗಸರು, ಏಳು ಜೊತೆ ತಾಳ, ಒಂದು ಮೈಕು, ಹೊಟ್ಟೆಯಲ್ಲೇ ಸ್ಪೀಕರ್ ಇರುವ ಒಂದು ಆಂಪ್ಲಿಫೈಯರು. ಇಷ್ಟೇ ಆ ಮಂಡಳಿಯ ಸೈನ್ಯ. ಮೊದಲು ಒಂದು ಹಾರ್ಮೋನಿಯಂ ಪೇಟಿಯೂ ಇತ್ತು. ಅದನ್ನು ಬಾರಿಸುತ್ತಿದ್ದ ಸಂಪದಾ, ಗಂಡನಿಗೆ ಮುದ್ದೇಬಿಹಾಳಕ್ಕೆ ವರ್ಗವಾದಾಗ ಗಂಡನ ಜೊತೆ ಪೇಟಿಯನ್ನೂ ಕಟ್ಟಿಕೊಂಡು ಹೋದಳು. ಪೇಟಿ ಹೋದ ಮೇಲೆ ಮಂಡಳಿ ಮೈಕು ತಂದಿತು. ಮೈಕಿನ ಜೊತೆಗೆ ಗುಂಯ್ ಬಂತು.

ಈಗ ಆ ಗುಂಯ್ ಮೇಲೆ ನನಗೆ ಇಷ್ಟು ಸಿಟ್ಟೇಕೆ ಎಂಬುದನ್ನು ಹೇಳಬೇಕು. ಆಲಮೇಲದಲ್ಲಿ ವರ್ಷಕ್ಕೊಮ್ಮೆ ಏಳು ದಿನದ ಭಜನಾ ಸಪ್ತಾಹ ನಡೆಯುತ್ತದೆ. ಏಳು ದಿನವೂ ಗಂಡಸರ ಮಂಡಳಿಗಳೇ. ತಮಗೂ ಒಂದು ಸಂಜೆ ಕೊಡಿ ಎಂದು ವಸುಧಾ ಎಂಟು ವರ್ಷದಿಂದ ಕೇಳುತ್ತಿದ್ದಳು. “ಮುಂದಿನ ವರ್ಷ ನೋಡೂಣು” ಎಂದು ಸಪ್ತಾಹದವರು ಎಂಟು ವರ್ಷದಿಂದ ಹೇಳುತ್ತಿದ್ದರು. ಈ ವರ್ಷ ಸಪ್ತಾಹದ ಹಿರಿಯರಾದ ಸುಜಯೀಂದ್ರಾಚಾರ್ಯರು ಒಂದು ಮಾತು ಕೊಟ್ಟಿದ್ದರು. ಏಕಾದಶಿಯ ಸಂಜೆ ನಮ್ಮ ಅಂಗಳದ ತುಳಸಿಕಟ್ಟೆಯ ಮುಂದೆ ಮಂಡಳಿ ಹಾಡುತ್ತದೆ, ಅವರೇ ಬಂದು ಕೇಳುತ್ತಾರೆ. ಮನಸ್ಸಿಗೆ ಬಂದರೆ ಆಲಮೇಲದ ವೇದಿಕೆ. ಬಾರದಿದ್ದರೆ ಮತ್ತೆ ಕೇಳುವ ಹಾಗಿಲ್ಲ. ವಸುಧಾ ಮೂರು ದಿನದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ನನಗದು ನೋಡಲು ಆಗುತ್ತಿರಲಿಲ್ಲ.

“ಆಚಾರ್ಯರ ಮುಂದ ಈ ಗುಂಯ್ ಇಟ್ಕೊಂಡು ಹಾಡ್ತೀರೇನು?” ಎಂದೆ.

“ಇರ್ಲಿ ಬಿಡ್ರಿ. ನಮಗೇನೂ ಅದರದ್ದು ತ್ರಾಸ ಇಲ್ಲ. ಅಷ್ಟೂ ನಿಮಗ ತಡ್ಕೊಳ್ಳಿಕ್ಕೆ ಆಗಲಿಲ್ಲಂದ್ರ ಅಬ್ದುಲರಜಾಕಗ ಒಂದು ಫೋನ್ ಹಚ್ಚರಿ. ಹತ್ತು ಮಿನಿಟಿನ್ಯಾಗ ಬಂದು ಸರಿ ಮಾಡ್ತಾನ.”

ಆ ಹೆಸರು ಕೇಳಿ ಉಪ್ಪಿಟ್ಟು ಗಂಟಲಲ್ಲೇ ನಿಂತಿತು. ಅಬ್ದುಲರಜಾಕ ಬಸ್ ಸ್ಟ್ಯಾಂಡಿನ ಹತ್ತಿರ ಸೌಂಡ್ ಸರ್ವಿಸ್ ಇಟ್ಟಿದ್ದಾನೆ. ಇಂಡಿಯಿಂದ ಬಸವನ ಬಾಗೇವಾಡಿಯವರೆಗೆ ಅವನ ಸ್ಪೀಕರ್ ಇಲ್ಲದೆ ಒಂದು ಮದುವೆಯೂ ಆಗುವುದಿಲ್ಲ. ಎಲ್ಲಾ ಖರೆ. ಆದರೆ ಅವನು ನನ್ನ ಹಳೆಯ ವಿದ್ಯಾರ್ಥಿ, ವಿಜ್ಞಾನದಲ್ಲಿ ಎರಡು ಸಲ ಫೇಲಾದವನು. “ಅಯಸ್ಕಾಂತದ ಒಂದು ಉಪಯೋಗ ಬರೆಯಿರಿ” ಎಂಬ ಪ್ರಶ್ನೆಗೆ “ಬಾವಿಯಲ್ಲಿ ಬಿದ್ದ ಕೊಡ ತೆಗೆಯಲು” ಎಂದು ಬರೆದಿದ್ದ. ನಾನು ಸೊನ್ನೆ ಕೊಟ್ಟಿದ್ದೆ. ಅಂಥವನು ಬಂದು ನನ್ನ ಮನೆಯ ಮೈಕಿನ ಅಯಸ್ಕಾಂತವನ್ನು ಸರಿ ಮಾಡುವುದೆಂದರೆ!

“ಅವನ್ನ ಕರೆದ್ರ ನಾ ಮನೀ ಬಿಟ್ಟು ಹೋಗ್ತೇನಿ,” ಎಂದೆ.

“ಹೋಗೂ ಮುಂದ ನಳಾ ಬಂದ್ ಮಾಡಿ ಹೋಗ್ರಿ,” ಎಂದಳು.

ಶೋಧನೆ ಆರಂಭವಾಯಿತು. ಶಾಸ್ತ್ರ ಸರಳ. ನಮ್ಮದು ಡೈನಾಮಿಕ್ ಮೈಕು. ಅದರ ಹೊಟ್ಟೆಯಲ್ಲಿ ಒಂದು ಅಯಸ್ಕಾಂತ, ಒಂದು ತಂತಿಯ ಸುರುಳಿ. ದನಿ ತಾಗಿದರೆ ಸುರುಳಿ ಅಲುಗುತ್ತದೆ, ಕರೆಂಟು ಹುಟ್ಟುತ್ತದೆ. ಆದರೆ ಸುತ್ತಮುತ್ತ ಬೇರೆ ಯಾವುದಾದರೂ ಕರೆಂಟಿನ ಉಪದ್ವ್ಯಾಪ ಇದ್ದರೆ ಅದನ್ನೂ ಅದು ಹೀರಿಕೊಂಡು ಗುಂಯ್ ಎನ್ನುತ್ತದೆ. ಹಾಗಾದರೆ ಉಪದ್ವ್ಯಾಪಿ ಯಾರು? ಮೊದಲ ಸಂಶಯ ಫ್ರಿಜ್ಜಿನ ಮೇಲೆ. ಬಂದ್ ಮಾಡಿದೆ. ಗುಂಯ್. ಟ್ಯೂಬ್‌ಲೈಟು, ಫ್ಯಾನು, ಇನ್ವರ್ಟರು, ನೀರಿನ ಮೋಟರು, ಒಂದೊಂದಾಗಿ ಎಲ್ಲವನ್ನೂ ಬಂದ್ ಮಾಡಿದೆ. ಗುಂಯ್, ಗುಂಯ್. ಕೊನೆಗೆ ರೇಗಿ ಮನೆಯ ಮೇನ್ ಸ್ವಿಚ್ಚನ್ನೇ ಎಳೆದೆ.

ಸದ್ದು ನಿಂತಿತು! ನಾನು ಅಡುಗೆಮನೆಗೆ ಓಡಿದೆ. “ವಸುಧಾ, ಸಿಕ್ತು. ದೋಷ ಮನೀ ವೈರಿಂಗಿನ್ಯಾಗ ಅದ. ಈಗ ನೋಡು, ಒಂದು ಹನಿ ಸದ್ದಿಲ್ಲ.”

ಅವಳು ಹಿಟ್ಟಿನ ಕೈಯಲ್ಲೇ ಬಂದು ಮೈಕಿನ ಮುಂದೆ “ಹರಿ ಹರಿ” ಎಂದಳು. ಅದೂ ಕೇಳಿಸಲಿಲ್ಲ.

“ಆಂಪ್ಲಿಫೈಯರ್ ಯಾತರ ಮ್ಯಾಲೆ ನಡೀತದ್ರಿ?” ಎಂದು ಕೇಳಿದಳು.

ಕರೆಂಟಿನ ಮೇಲೆ ನಡೆಯುತ್ತದೆ. ಹತ್ತೊಂಬತ್ತು ವರ್ಷದಿಂದ ನಾನೇ ಕಲಿಸುತ್ತಿದ್ದೇನೆ. ಈ ಗದ್ದಲದಲ್ಲಿ ಫ್ರಿಜ್ಜು ಚಾಲೂ ಮಾಡುವುದನ್ನು ಮರೆತೆ. ಮರುದಿನ ಎರಡು ಲೀಟರ್ ಹಾಲು ತಾನಾಗಿಯೇ ಮೊಸರಾಗಿತ್ತು, ಮೊಸರು ಹೆಸರಿಲ್ಲದ ಇನ್ನೇನೋ ಆಗಿತ್ತು.

ಎರಡನೆಯ ದಿನ ನನ್ನ ಕಣ್ಣು ಎದುರುಮನೆಯ ಗುಂಡವ್ವನ ಹಿಟ್ಟಿನ ಗಿರಣಿಯ ಮೇಲೆ ಬಿತ್ತು. ಹತ್ತು ಎಚ್‌ಪಿ ಮೋಟರು! ಅಷ್ಟು ದೊಡ್ಡ ಮೋಟರು ಇಪ್ಪತ್ತು ಹೆಜ್ಜೆ ದೂರದಲ್ಲಿದ್ದರೆ ಮೈಕು ಗುಂಯ್ ಎನ್ನದೆ ಏನು ಮಾಡೀತು? ಹೋಗಿ ಐದು ನಿಮಿಷ ಗಿರಣಿ ನಿಲ್ಲಿಸಲು ಕೇಳಿದೆ.

“ಮಾಸ್ತರ, ನನ್ನ ಗಿರಣಿ ನಿಮ್ಮ ಮೈಕಿನ್ಯಾಗ ಹೆಂಗ ಹೊಕ್ಕೈತ್ರಿ?” ಎಂದಳು ಗುಂಡವ್ವ. “ನಿಮ್ಮ ಬಾಗಲದಾಗ ಹಿಡಿಸಂಗಿಲ್ಲ ಅದು.”

“ಮೋಟರಿನ ಸುತ್ತ ಒಂದು ಕ್ಷೇತ್ರ ಇರ್ತದವ್ವ, ವಿದ್ಯುತ್ಕಾಂತೀಯ ಕ್ಷೇತ್ರ.”

“ಕ್ಷೇತ್ರಕ್ಕ ಹೋಗೂದಿದ್ರ ಹೋಗಿ ಬರ್ರಿ. ಗಿರಣಿ ಯಾಕ ಬಂದ್ ಮಾಡಸ್ತೀರಿ?”

ಆದರೂ ಮಾಸ್ತರ ಎಂಬ ಮರ್ಯಾದೆಗೆ ನಿಲ್ಲಿಸಿದಳು. ನಾನು ಓಡಿ ಬಂದು ಮೈಕಿಗೆ ಕಿವಿ ಕೊಟ್ಟೆ. ಗುಂಯ್ ಎಂದಿನಂತೆ ಕ್ಷೇಮವಾಗಿತ್ತು. ಕ್ಷೇಮವಾಗಿರದೇ ಹೋದದ್ದು ಗಿರಣಿ. ಕಾಳು ತುಂಬಿದ ಗಿರಣಿಯನ್ನು ನಡುವೆ ನಿಲ್ಲಿಸಿ ಮತ್ತೆ ಚಾಲೂ ಮಾಡಿದ್ದಕ್ಕೆ ಅದರ ಬೆಲ್ಟು ಹರಿಯಿತು. ಏಕಾದಶಿಯ ಉಪವಾಸದ ಹಿಟ್ಟಿಗಾಗಿ ಪಾಳಿ ಹಚ್ಚಿದ್ದ ಹನ್ನೊಂದು ಮಂದಿ ಹೆಂಗಸರು ಹನ್ನೊಂದು ಡಬ್ಬಿ ಹಿಡಿದು ನಮ್ಮ ಕಟ್ಟೆಯ ಮೇಲೆ ಬಂದು ಕೂತರು. ಯಾರೂ ಬೈಯಲಿಲ್ಲ, ಸುಮ್ಮನೆ ಕೂತರು. ಬೈದಿದ್ದರೆ ಮೇಲಾಗುತ್ತಿತ್ತು. ಆ ಮಧ್ಯಾಹ್ನ ನಾನು ಸ್ಕೂಟರಿನ ಮೇಲೆ ಹನ್ನೊಂದು ಡಬ್ಬಿ ಹೇರಿಕೊಂಡು ಊರಾಚೆಯ ಗಿರಣಿಗೆ ನಾಲ್ಕು ಸಲ ಹೋಗಿ ಬಂದೆ. ಹೊಳ್ಳಿ ಬರುವಾಗ ನನ್ನ ತಲೆ, ಮೀಸೆ, ಅಂಗಿ ಎಲ್ಲಾ ರಾಜಗಿರಿ ಹಿಟ್ಟಾಗಿತ್ತು. ನನ್ನ ತಾಯಿ ಇಂದೂಬಾಯಿ, ನಾವು ಆಯಿ ಎನ್ನುತ್ತೇವೆ, ಬಾಗಿಲಲ್ಲಿ ನನ್ನನ್ನು ನೋಡಿ, “ಯಾರು ಬೇಕಾಗಿತ್ರಿ?” ಎಂದು ಕೇಳಿದಳು.

ಆದರೆ ವಿಜ್ಞಾನಿ ಸೋಲುವುದಿಲ್ಲ. ಅಷ್ಟಮಿಯ ದಿನ ದೊಡ್ಡ ಶೋಧವೊಂದು ನಡೆಯಿತು. ಬೇಸತ್ತು ಮೈಕನ್ನು ಎತ್ತಿ ಬಿಸಾಡಬೇಕೆಂದು ಅದರ ಕುತ್ತಿಗೆ ಹಿಡಿದೆ ನೋಡಿ, ಗುಂಯ್ ಗಪ್ಪಾಯಿತು. ಬಿಟ್ಟೆ, ಗುಂಯ್. ಹಿಡಿದೆ, ಗಪ್ಪು. ಆಹಾ! ನನ್ನ ಮೈಯ ಮೂಲಕ ಆ ಸದ್ದು ನೆಲಕ್ಕೆ ಇಳಿದು ಹೋಗುತ್ತಿತ್ತು. ಅಂದರೆ ಆಂಪ್ಲಿಫೈಯರಿಗೆ ಅರ್ಥಿಂಗ್ ಇಲ್ಲ, ಬೇಡದ ಕರೆಂಟು ಭೂಮಿಗೆ ಹೋಗಲು ದಾರಿ ಇಲ್ಲ. ಗೋಡೆಯ ಮೂರು ತೂತಿನ ಸಾಕೆಟ್ಟನ್ನು ಬಿಚ್ಚಿದೆ. ಮೇಲಿನ ದೊಡ್ಡ ತೂತಿನ ಹಿಂದೆ ಅರ್ಥಿಂಗಿನ ತಂತಿ ಇರಬೇಕು. ಅಲ್ಲೊಂದು ಜೇಡರಬಲೆ ಇತ್ತು.

ದಾರಿ ನಾನೇ ಮಾಡಿಕೊಡುತ್ತೇನೆ ಎಂದು ಆಂಪ್ಲಿಫೈಯರಿನ ಮೈಯಿಂದ ಒಂದು ತಂತಿ ಎಳೆದೆ. ಅದರ ತುದಿಗೆ ಒಂದು ಕಬ್ಬಿಣದ ಸರಳು ಕಟ್ಟಿದೆ. ಇನ್ನು ಅದನ್ನು ಹಸಿ ನೆಲದಲ್ಲಿ ಹೂಳಬೇಕು. ಒಣ ಮಣ್ಣು ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆದರೆ ಕಾರ್ತಿಕದಲ್ಲಿ ನಮ್ಮ ಎರೆಭೂಮಿ ಬಿರುಕು ಬಿಟ್ಟು ಬಾಯಿ ತೆರೆದುಕೊಂಡಿರುತ್ತದೆ. ಹಸಿ ನೆಲ ಎಲ್ಲಿ? ಇಡೀ ಅಂಗಳದಲ್ಲಿ ಸದಾ ಹಸಿಯಾಗಿರುವುದು ಒಂದೇ ಜಾಗ, ತುಳಸಿಕಟ್ಟೆ. ಆಯಿ ಮೂವತ್ತೈದು ವರ್ಷದಿಂದ ದಿನಾ ಬೆಳಿಗ್ಗೆ ಒಂದು ತಂಬಿಗೆ ನೀರು ಹಾಕುತ್ತಾ ಬಂದಿದ್ದಾಳೆ. ಅವಳು ಜಪಕ್ಕೆ ಕೂತ ಹೊತ್ತು ನೋಡಿ ಸರಳನ್ನು ತುಳಸಿಯ ಬುಡದಲ್ಲಿ ಮೆಲ್ಲಗೆ ಇಳಿಸಿದೆ.

ಗುಂಯ್ ಸತ್ತಿತು. ಆಂಪ್ಲಿಫೈಯರು ಚಾಲೂ ಇದೆ, ಕೆಂಪು ದೀಪ ಉರಿಯುತ್ತಿದೆ, ಮೈಕು ಮಾತ್ರ ಮೌನವ್ರತ ಹಿಡಿದಿದೆ! ವಸುಧಾಳನ್ನು ಕರೆದು ತೋರಿಸಿದೆ.

“ಕೆಟ್ಟದೇನ್ರಿ?” ಎಂದು ಕೇಳಿದಳು.

ಸರಿಯಾಗಿದೆ ಎಂದು ಅವಳಿಗೆ ತಿಳಿಸಿ ಹೇಳಲು ಅರ್ಧ ತಾಸು ಹಿಡಿಯಿತು. ಮಂಡಳಿಯ ತಾಲೀಮು ಸಪ್ತಮಿಗೇ ಮುಗಿದಿತ್ತು. ಮುಂದೆ ಎಲ್ಲರೂ ತಮ್ಮ ತಮ್ಮ ಮನೆಯ ತುಳಸೀ ಲಗ್ನದ ತಯಾರಿಯಲ್ಲಿದ್ದರು. ಹಾಗಾಗಿ ಮೌನವಾದ ಮೈಕಿನ ಮುಂದೆ ಒಬ್ಬರೂ ಒಂದು ಸಲವೂ ಹಾಡಿ ನೋಡಲಿಲ್ಲ. ಈ ಮಾತು ಆಗ ಯಾರಿಗೂ ಮುಖ್ಯ ಅನ್ನಿಸಲಿಲ್ಲ.

ಏಕಾದಶಿ ಬಂತು. ಮರುದಿನ ದ್ವಾದಶಿ, ತುಳಸಿಯ ಲಗ್ನ. ಆಲಮೇಲದಿಂದ ತಂದ ಕಬ್ಬನ್ನು ಕಟ್ಟೆಯ ನಾಲ್ಕೂ ಮೂಲೆಗೆ ನಿಲ್ಲಿಸಿ ಮಂಟಪ ಕಟ್ಟಿದೆವು. ಬೆಳಿಗ್ಗೆ ಹತ್ತಕ್ಕೆ ಆಂಪ್ಲಿಫೈಯರು ಹಚ್ಚಿ ನೋಡಿದೆ. ಗುಂಯ್!

ತಂತಿಯ ಜಾಡು ಹಿಡಿದು ಕಟ್ಟೆಗೆ ಓಡಿದೆ. ತಂತಿ ಸರಿ ಇದೆ, ಸರಳು ಇದ್ದಲ್ಲೇ ಇದೆ. ಮಣ್ಣು ಮುಟ್ಟಿ ನೋಡಿದೆ. ಪುಡಿ ಪುಡಿ, ಒಣಗಿ ಹೋಗಿದೆ.

“ಆಯಿ, ಇವತ್ತು ತುಳಸಿಗೆ ನೀರು ಹಾಕಿಲ್ಲೇನು?”

“ಇವತ್ತು ಯಾರರೆ ಹಾಕ್ತಾರೇನೋ?” ಎಂದಳು ಆಯಿ, ಹೂಬತ್ತಿ ಹೊಸೆಯುತ್ತಾ. “ಏಕಾದಶಿ. ತುಳಸೀದೂ ನಿರ್ಜಲ ಉಪವಾಸ. ನಮ್ಮ ತವರುಮನೀ ಸೋಲಾಪುರದಾಗ ಹಿಂದಿನಿಂದ ನಡಕೊಂಡು ಬಂದದ. ನಾಳೆ ಮದಿಮಗಳಾಗಾಕಿ, ಒಂದು ದಿನ ಉಪವಾಸ ಇರ್ತಾಳ.”

ನಾನು ಇಷ್ಟು ವರ್ಷ ಅದೇ ಮನೆಯಲ್ಲಿದ್ದು ಇದನ್ನು ಗಮನಿಸಿರಲಿಲ್ಲ. ತುಳಸಿ ಉಪವಾಸ, ಮಣ್ಣು ಉಪವಾಸ, ನನ್ನ ಅರ್ಥಿಂಗೂ ಉಪವಾಸ! ಸಂಜೆ ಐದಕ್ಕೆ ಆಚಾರ್ಯರು ಬರುತ್ತಾರೆ. ಮಧ್ಯಾಹ್ನ ಆಯಿಗೆ ತೂಕಡಿಕೆ ಬಂದ ಹೊತ್ತಿನಲ್ಲಿ, ಕಳ್ಳನ ಹಾಗೆ ಒಂದಲ್ಲ, ಮೂರು ಬಕೆಟ್ ನೀರು ಸುರಿದೆ. ಮೈಕು ಗಪ್ಪಾಯಿತು. ಪಾಪ ತಟ್ಟಿದರೆ ನನಗೆ ತಟ್ಟಲಿ, ವಸುಧಾಳ ಸಂಜೆ ಕೆಡಬಾರದು ಎಂದುಕೊಂಡೆ. ಇದನ್ನು ಮಾತ್ರ ನಾನು ಮನಸಾರೆ ಅಂದುಕೊಂಡೆ, ಚೇಷ್ಟೆಯಲ್ಲ.

ಆಯಿ ಎದ್ದು ಬಂದು ಕಟ್ಟೆಯನ್ನು ನೋಡಿದಳು. “ಶ್ರೀ, ಮಣ್ಣು ಹಸಿ ಯಾಕ ಆಗೇದ?”

“ಇಬ್ಬನಿ ಬಿದ್ದಿರಬೇಕಾಯಿ.”

“ಮೂರು ಗಂಟೇಕ್ಕ?” ಎಂದು ಕೇಳಿ ನನ್ನ ಮುಖವನ್ನೇ ನೋಡುತ್ತಾ ನಿಂತಳು. ನಾನು ಕಬ್ಬಿನ ಗರಿ ಸರಿಪಡಿಸತೊಡಗಿದೆ.

ಐದಕ್ಕೆ ಸರಿಯಾಗಿ ಆಚಾರ್ಯರು ಬಂದರು. ಓಣಿಯೆಲ್ಲಾ ಕೂಡಿತು, ಗುಂಡವ್ವನೂ ಬಂದಳು. ಮೊಬೈಲು ಹತ್ತಿರವಿದ್ದರೆ ಮೈಕಿನಲ್ಲಿ ಟರ್ ಟರ್ ಎನ್ನುತ್ತದೆ ಎಂದು ನಾನು ಎಲ್ಲರ ಮೊಬೈಲುಗಳನ್ನೂ ಬಂದ್ ಮಾಡಿಸಿ ಚುರುಮುರಿಯ ಡಬ್ಬಿಯಲ್ಲಿ ಹಾಕಿಸಿದ್ದೆ. ತಯಾರಿ ಎಂದರೆ ಅದು!

ಮೊದಲ ಹಾಡು ಶುರುವಾಯಿತು. ಮೈಕು ಸ್ಫಟಿಕದಷ್ಟು ಸ್ವಚ್ಛ. ಆ ಸ್ವಚ್ಛತೆಯಲ್ಲಿ ಒಂದೊಂದು ದನಿಯೂ ಬೇರೆ ಬೇರೆಯಾಗಿ ಕೇಳಿಸಿತು. ಬೇರೆ ಬೇರೆಯಾಗಿ ಎಂದರೆ, ಏಳು ಮಂದಿ ಏಳು ಶ್ರುತಿಯಲ್ಲಿ ಹಾಡುತ್ತಿದ್ದರು. ವಸುಧಾ ಮೇಲೆ ಹತ್ತಿದಳು. ಎಡಗಡೆಯ ಇಬ್ಬರು ಕೆಳಗೇ ಉಳಿದರು. ಹಿಂದಿನ ಸಾಲಿನವರು ನಡುವೆ ಎಲ್ಲೋ ಜಾಗ ಹುಡುಕುತ್ತಿದ್ದರು. ಪಲ್ಲವಿಗೆ ಹೊಳ್ಳಿ ಬರುವಷ್ಟರಲ್ಲಿ ಪಲ್ಲವಿಯೇ ಊರು ಬಿಟ್ಟು ಹೋಗಿತ್ತು. ಆಚಾರ್ಯರು ಕಣ್ಣು ಮುಚ್ಚಿದರು. ಅದು ಭಕ್ತಿಯಿಂದ ಮುಚ್ಚಿದ ಕಣ್ಣಲ್ಲ.

ಎರಡನೆಯ ಹಾಡು ಇನ್ನೂ ಕೆಟ್ಟಿತು. ವಸುಧಾಳ ಕಣ್ಣಲ್ಲಿ ನೀರು ತುಂಬಿತ್ತು. ಹಾಡು ಮುಗಿದದ್ದೇ ತಡ, ನೀರು ಕುಡಿಯುವ ನೆಪದಲ್ಲಿ ಎದ್ದು ನನ್ನ ಹತ್ತಿರ ಬಂದಳು.

“ರೀ, ಆ ಗುಂಯ್ ಎಲ್ಲಿ ಹೋತು?”

“ತಗದೇನಲ್ಲ, ಪೂರ್ತಿ,” ಎಂದೆ ಎದೆಯುಬ್ಬಿಸಿ.

“ಹೊಳ್ಳಿ ಹಚ್ಚರಿ ಅದನ್ನ.”

“ಏನಂದಿ?”

“ಪೇಟಿ ಹೋದ ಮ್ಯಾಲೆ ನಾವು ಅದನ್ನ ಹಿಡದು ಹಾಡ್ತಿದ್ವಿ ಅಂತ ನನಗೂ ಈಗ ತಿಳೀತು. ಅದೇ ನಮ್ಮ ಶ್ರುತಿ ಆಗಿತ್ರಿ. ನಿಮ್ಮ ಕೈ ಮುಗೀತೇನಿ, ಹೊಳ್ಳಿ ಹಚ್ಚರಿ.”

ಮಿಂಚು ಹೊಡೆದಂತಾಯಿತು. ನಮ್ಮ ಕರೆಂಟಿನ ಕಂಪನ ಸೆಕೆಂಡಿಗೆ ಐವತ್ತು. ಅದರ ಗುಂಯ್ ನೂರು, ಇನ್ನೂರು. ಇನ್ನೂರು ಎಂದರೆ ಹೆಚ್ಚುಕಡಿಮೆ ಹೆಂಗಸರು ಹಾಡುವ ಷಡ್ಜ! ಒಂದು ಕೂದಲೆಳೆಯಷ್ಟೂ ಆಚೀಚೆ ಆಗದ ತಂಬೂರಿಯನ್ನು ಕರೆಂಟಿನವರು ಪುಕ್ಕಟೆ ಕೊಟ್ಟಿದ್ದರು. ನಾನದನ್ನು ನೆಲದಲ್ಲಿ ಹೂಳಿದ್ದೆ.

ತಂತಿ ಕೀಳಬೇಕು. ಆದರೆ ಸರಳು ಇರುವುದು ತುಳಸಿಯ ಬುಡದಲ್ಲಿ, ಎಲ್ಲರ ಕಣ್ಣೆದುರಿಗೆ. ಬೇರೆ ದಾರಿ ಕಾಣಲಿಲ್ಲ. ಸಭೆಯ ನಡುವೆ ಹೋಗಿ ತುಳಸಿಕಟ್ಟೆಗೆ ಸಾಷ್ಟಾಂಗ ಹಾಕಿದೆ. ಬಿದ್ದಲ್ಲಿಂದಲೇ ಕೈ ಚಾಚಿ, ಕಬ್ಬಿನ ಗರಿಯ ಕೆಳಗೆ ತಡಕಾಡಿ, ತಂತಿ ಹಿಡಿದು ಜಗ್ಗಿದೆ. ಸರಳು ಕೆಸರಿನಿಂದ ಪಚಕ್ಕನೆ ಹೊರಗೆ ಬಂತು. ಸ್ಪೀಕರಿನಿಂದ ಗಂಭೀರವಾಗಿ, ತುಂಬುದನಿಯಲ್ಲಿ, ಗುಂಯ್ ಎಂದಿತು.

ಏಳೂ ಮಂದಿಯ ಮುಖ ಅರಳಿತು. ತವರಿನವರು ಬಂದು ಬಾಗಿಲಲ್ಲಿ ನಿಂತ ಹಾಗೆ. ಮೂರನೆಯ ಹಾಡು ಎತ್ತಿದರು. ಏಳು ದನಿ ಒಂದು ದನಿಯಾಯಿತು. ಗುಂಡವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಚಾರ್ಯರ ಕೈ ತನ್ನಿಂದ ತಾನೇ ತೊಡೆಯ ಮೇಲೆ ತಾಳ ಹಾಕತೊಡಗಿತು. ನಾನು ಕೆಸರು ಮೆತ್ತಿದ ಮೂಗು ಹೊತ್ತು ಎದ್ದಾಗ ಆಯಿ ನನ್ನ ಕಿವಿಯಲ್ಲಿ, “ಉಪವಾಸ ಮುರದಿದ್ದಿ, ತಪ್ಪು ಒಪ್ಕೊಂಡಿ, ಆಕಿ ಕ್ಷಮಾ ಮಾಡಿದ್ಲು,” ಎಂದಳು. ಅವಳಿಗೆ ಎಲ್ಲಾ ಗೊತ್ತಿತ್ತು.

ಮಂಗಳಾರತಿಯ ನಂತರ ಆಚಾರ್ಯರು, “ಮೊದಲ ಎರಡು ಹಾಡು ಸ್ವಲ್ಪ ಹಿಂದಮುಂದ ಆದ್ವು. ತಂಬೂರಿ ಕೂಡಿದ ಮ್ಯಾಲೆ ಬಾಳ ಛಲೋ ಆತು. ಸಪ್ತಾಹದ ಐದನೇ ದಿನ ನಿಮಗ ಕೊಟ್ಟೇನಿ. ತಂಬೂರಿಯವರನ್ನ ಮಾತ್ರ ಬಿಟ್ಟು ಬರಬ್ಯಾಡ್ರಿ,” ಎಂದರು. ಆ ತಂಬೂರಿ ಬಾರಿಸಿದವರು ಯಾರೆಂದು ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಸಪ್ತಾಹದ ಐದನೆಯ ದಿನ ನಾನು ಆ ಕೆಟ್ಟ ಆಂಪ್ಲಿಫೈಯರನ್ನೂ ಅದರ ಕೇಬಲ್ಲನ್ನೂ ಆಲಮೇಲದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಎಳೆಗೂಸಿನ ಹಾಗೆ ಜೋಪಾನ ಮಾಡಿ ಒಯ್ದೆ. ಒಂದು ತಂತಿಯೂ ಅಪ್ಪಿತಪ್ಪಿ ಸರಿಯಾಗಬಾರದಲ್ಲ! ವೇದಿಕೆಯ ಸೌಂಡಿನ ಜವಾಬ್ದಾರಿ ಅಬ್ದುಲರಜಾಕನದು. ನನ್ನನ್ನು ಕಂಡದ್ದೇ ಓಡಿ ಬಂದು ಕಾಲು ಮುಟ್ಟಿದ.

“ಸರ, ನೀವು ಕುಂದರ್ರಿ. ನಾ ಜೋಡಸ್ತೇನ್ರಿ,” ಎಂದು ಎಲ್ಲವನ್ನೂ ಇಸಿದುಕೊಂಡ. ನಾನು ಚಹಾ ಕುಡಿದು ಬರುವಷ್ಟರಲ್ಲಿ ವಸುಧಾ ಮತ್ತು ಆರು ಮಂದಿ ವೇದಿಕೆಯ ಮೇಲೆ ಕೂತಿದ್ದರು. ಎದುರಿಗೆ ಐದು ನೂರು ಜನ. ಸ್ಪೀಕರಿನಲ್ಲಿ ಒಂದು ಸೊಳ್ಳೆಯಷ್ಟೂ ಸದ್ದಿರಲಿಲ್ಲ.

“ನಿಮ್ಮ ಡಬ್ಬಿ ಹಮ್ ಹೊಡ್ಯಾಕತ್ತಿತ್ರಿ ಸರ,” ಎಂದ ಅಬ್ದುಲರಜಾಕ ಹೆಮ್ಮೆಯಿಂದ. “ಬಾಜೂಕ ಇಟ್ಟೇನಿ. ನನ್ನ ಹೊಸಾ ಮಷೀನ್ ಹಚ್ಚೇನ್ರಿ. ನೆಲದಾಗ ಆರು ಫೂಟ್ ಅರ್ಥಿಂಗ್ ಹೊಡದೇನಿ. ಗುರುಗಳ ಮನಿಯವ್ರು ಹಾಡೂ ಮುಂದ ಗುಂಯ್ ಅನಬಾರದಲ್ರಿ.”

ಹಳೆಯದನ್ನೇ ಹಚ್ಚು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವನನ್ನು ಯಾರೋ ಸ್ಪೀಕರಿನ ಹತ್ತಿರ ಕರೆದರು. ವೇದಿಕೆಯ ಮೇಲೆ ವಸುಧಾ ತಾಳ ಹಿಡಿದು ನನ್ನತ್ತ ನೋಡಿದಳು. ಎಂಟು ವರ್ಷ ಕಾದ ಕಣ್ಣುಗಳು. ನಾನು ಪರದೆಯ ಹಿಂದೆ ಓಡಿದೆ. ಅಲ್ಲೊಂದು ಹೆಚ್ಚಿನ ಮೈಕು ಚಾಲೂ ಇತ್ತು. ಮೊಬೈಲಿನಲ್ಲಿ ತಂಬೂರಿ ಸಿಗುತ್ತದೆಂದು ಕೇಳಿದ್ದೆ, ಹುಡುಕಿ, ಮೈಕಿಗೆ ಹಿಡಿದು ಒತ್ತಿದೆ. ಮೊದಲು ಒಂದು ಜಾಹೀರಾತು ಬಂದು, “ನಿಮ್ಮ ಬೋರಿಗೆ ನಮ್ಮದೇ ಪಂಪು” ಎಂದಿತು. ಐದು ನೂರು ಜನಕ್ಕೂ ಕೇಳಿಸಿತು. ಮೊಬೈಲು ಬಂದ್ ಮಾಡಿದೆ. ಬೇರೆ ಉಪಾಯ ಉಳಿಯಲಿಲ್ಲ. ಬಾಯಿ ಮುಚ್ಚಿದೆ, ಮೈಕು ಹಿಡಿದೆ, ಮೂಗಿನಿಂದ ಎಳೆದೆ: ಗುಂಯ್.

ಶತ್ರುವಿನ ದನಿ ಮಿತ್ರರ ದನಿಗಿಂತ ಚೆನ್ನಾಗಿ ನೆನಪಿರುತ್ತದೆ. ಸ್ವರ ಸರಿಯಾಗಿ ಹತ್ತಿತು. ಆಚೆ ಕಡೆ ವಸುಧಾ ಹಾಡು ಎತ್ತಿದಳು, ಏಳೂ ದನಿ ಕೂಡಿದವು. ಒಂದು ಹಾಡು, ಎರಡು ಹಾಡು. ನಾನು ಉಸಿರು ಕದ್ದು ಕದ್ದು ಗುಂಯ್‌ಗುಡುತ್ತಲೇ ಇದ್ದೆ. ಪರದೆಯ ಸಂದಿಯಿಂದ ನೋಡಿದರೆ ಅಬ್ದುಲರಜಾಕನ ಮುಖದ ನೀರು ಇಳಿದುಹೋಗಿತ್ತು. ಅರ್ಥಿಂಗ್ ಮುಟ್ಟಿ ನೋಡಿದ. ಲೈಟಿನ ಸಾಲು ಬೇರೆ ಮಾಡಿದ. ಒಂದೊಂದೇ ಮೈಕಿನ ದನಿ ಇಳಿಸಿ, ಏರಿಸಿ, ಕಿವಿಗೊಟ್ಟ. ಸರಿಯಾದ ಕ್ರಮ, ನಾನು ಮಾಡಬೇಕಾಗಿದ್ದು ಹಾಗೆಯೇ. ಕೊನೆಗೆ ಒಂದು ಕೇಬಲ್ಲನ್ನು ಬೆರಳಲ್ಲಿ ಹಿಡಿದು, ಅದರ ಜಾಡಿನಲ್ಲೇ ಹೆಜ್ಜೆ ಹೆಜ್ಜೆ ನಡೆದು ಬಂದು ಪರದೆ ಎತ್ತಿದ.

ಅವನು ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ. ಹಾಡು ನಡುವೆ ಇತ್ತು, ನಿಲ್ಲಿಸುವಂತಿರಲಿಲ್ಲ. ಗುಂಯ್ ಎನ್ನುತ್ತಲೇ ಇದ್ದೆ. ಅವನು ಪರದೆಯನ್ನು ಮೆಲ್ಲಗೆ ಇಳಿಸಿದ.

ಹಾಡು ಮುಗಿದು ಜನ ಚಪ್ಪಾಳೆ ಹೊಡೆದರು. ಚಪ್ಪಾಳೆ ನಿಂತ ಮೇಲೆ ಅವನು ಬಗ್ಗಿ ವಸುಧಾಳ ಹತ್ತಿರ ಹೋಗಿ, ಗುರುವಿನ ಮರ್ಯಾದೆ ಕಾಯಬೇಕೆಂದು ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದ. ಅವಳ ಮುಂದಿನ ಮೈಕು ಚಾಲೂ ಇತ್ತು. ಅವನೇ ಹಚ್ಚಿದ ಮೈಕು, ಒಂದು ಹನಿ ಗುಂಯ್ ಇಲ್ಲ, ಐದು ನೂರು ಜನಕ್ಕೂ ಅಕ್ಷರ ಅಕ್ಷರ ಕೇಳಿಸಿತು:

“ಬಾಯಾರ, ಫಾಲ್ಟ್ ಸಿಕ್ತ್ರಿ. ನಮ್ಮ ಸರ್ರ ಅದಾರ.”